ಆರ್ಡಿತ್ ಕಡಿಯದೆ ಬಿಟ್ಟ ಸೀಡರ್

ಜನವರಿಯಲ್ಲಿ ಆರ್ಡಿತ್ ಕಾಫೆಲ್ಟ್ ಗರಗಸ ಹೊತ್ತು ಬರುವುದು ಕಂಡರೆ ಶೆನಾಂಡೊವ ಕಣಿವೆಯ ನಮ್ಮ ಕಡೆಯವರು ಸುಮ್ಮನೆ ಒಲೆಯ ಮೇಲೆ ಕಾಫಿ ಇಡುತ್ತಿದ್ದರು. ಆಕೆಯ ಹತ್ತಿರ ವಾದ ಮಾಡಿ ಗೆದ್ದವರಿರಲಿಲ್ಲ. ತನ್ನ ಸೇಬಿನ ತೋಟದ ಸುತ್ತ ಒಂದೊಂದು ಮೈಲಿ ಅಲೆದು, ಯಾರ ಬೇಲಿಯಲ್ಲಿ ಸೀಡರ್ ಮರ ತಲೆಯೆತ್ತಿದೆ ಎಂದು ನೋಡುವುದು ಆಕೆಯ ಚಳಿಗಾಲದ ಕೆಲಸ. ಕಂಡರೆ ಆ ಮನೆಯ ಬಾಗಿಲು ತಟ್ಟಿ, ತಾನೇ ಬೇಯಿಸಿದ ಸೇಬಿನ ಪೈ ಕೈಗಿಟ್ಟು, ಮರ ಕೇಳುತ್ತಿದ್ದಳು. ಪೈ ತೆಗೆದುಕೊಂಡರೆ ಮರ ಕೊಟ್ಟ ಹಾಗೆ. ಆರ್ಡಿತಳ ಪೈ ತಿಂದವನ ಅಂಗಳದಲ್ಲಿ ನೆರಳಿಲ್ಲ ಎಂದು ಗಂಡಸರು ಗೊಬ್ಬರದ ಅಂಗಡಿಯಲ್ಲಿ ನಗುತ್ತಿದ್ದರು.

ಪಾಪ, ಸೀಡರ್ ಆಕೆಗೆ ಏನೂ ಮಾಡಿರಲಿಲ್ಲ. ಅದರಲ್ಲಿ ಬಿಡಾರ ಹೂಡುವ ತುಕ್ಕು ರೋಗದ್ದೇ ಎಲ್ಲ ಉಪದ್ರ. ಆ ಶಿಲೀಂಧ್ರಕ್ಕೆ ಬದುಕಲು ಎರಡು ಮನೆ ಬೇಕು. ಚಳಿಗಾಲವೆಲ್ಲ ಸೀಡರಿನ ಕೊಂಬೆಯಲ್ಲಿ ಗೋಲಿಯಷ್ಟು ದಪ್ಪದ ಕಂದು ಗಂಟಾಗಿ ಕೂತಿರುತ್ತದೆ. ವಸಂತದ ಬೆಚ್ಚನೆ ಮಳೆ ಬಿದ್ದೊಡನೆ ಗಂಟಿನಿಂದ ಕಿತ್ತಳೆ ಬಣ್ಣದ ಲೋಳೆ ಬಾಲಗಳು ಹೊರಡುತ್ತವೆ; ಅವುಗಳ ಪುಡಿ ಗಾಳಿಯಲ್ಲಿ ಹಾರಿ ಸೇಬಿನ ಎಲೆಗೆ ಕೂರುತ್ತದೆ. ಬೇಸಿಗೆ ಮುಗಿಯುವಾಗ ಸೇಬಿನಿಂದ ಮತ್ತೆ ಸೀಡರಿಗೆ ಪ್ರಯಾಣ. ಸೇಬಿನಿಂದ ಸೇಬಿಗೆ ಅದು ಹಬ್ಬುವುದಿಲ್ಲ, ಸೀಡರಿನಿಂದ ಸೀಡರಿಗೂ ಇಲ್ಲ. ಎರಡರಲ್ಲೊಂದನ್ನು ತೆಗೆದರೆ ಇನ್ನೊಂದು ಬಚಾವು. ತನ್ನ ಹೆಂಡತಿಯದು ಸಂಬಂಧ ಮುರಿಯುವ ಕೆಲಸ ಎಂದು ಆಕೆಯ ಗಂಡ ಹಾರ್ಲನ್ ತಮಾಷೆ ಮಾಡುತ್ತಿದ್ದ.

ಇಪ್ಪತ್ತಾರು ವರ್ಷಗಳ ಹಿಂದೆ ಆಕೆ ಪಕ್ಕದ ತೋಟದ ವೆಲ್ಮಾ ಸೇಗರಳ ಗೇಟಿನ ಎರಡು ಸೀಡರುಗಳನ್ನು ಕೇಳಿದಳು. ಮದುವೆಯ ದಿನ ಗಂಡ ಹೆಂಡತಿ ಆಚೆಗೊಂದು ಈಚೆಗೊಂದು ನೆಟ್ಟಿದ್ದವು ಅವು. ಗಂಡ ತೀರಿಕೊಂಡು ಮೂರು ತಿಂಗಳಾಗಿತ್ತಷ್ಟೆ. ಬೇರೆ ದಾರಿ ಇದ್ದರೆ ಹೇಳು ಎಂದು ವೆಲ್ಮಾ ಬೇಡಿಕೊಂಡಳು. ಇಲ್ಲ ಎಂದಳು ಆರ್ಡಿತ್. ವೆಲ್ಮಾ ಪೈ ತೆಗೆದುಕೊಂಡು ಒಳಗೆ ಹೋಗಿ, ಗರಗಸದ ಸದ್ದು ಕೇಳದಂತೆ ರೇಡಿಯೊ ಜೋರು ಮಾಡಿದಳು.

ಬೇರೆ ದಾರಿ ಇತ್ತು. ಅದು ಆರ್ಡಿತಳಿಗೆ ಚೆನ್ನಾಗಿ ಗೊತ್ತಿತ್ತು.

ಆಕೆಯ ಮನೆಯ ಹಿಂದಿನ ದಿಬ್ಬದ ಮೇಲೆ ಕಾಫೆಲ್ಟರ ಸಮಾಧಿಗಳಿವೆ. ಒಂಬತ್ತು ದಿನ ಬದುಕಿದ್ದ ಮಗಳನ್ನು ಅಲ್ಲಿ ಮಣ್ಣು ಮಾಡಿದಾಗ ಆರ್ಡಿತಳಿಗೆ ಇಪ್ಪತ್ತೇಳು ವರ್ಷ. ತಲೆಯ ಕಡೆ ಸೀಡರ್ ನೆಡುವುದು ಇಲ್ಲಿಯ ವಾಡಿಕೆ. ಒಂದು ಗೋರಿಗೆ ನೆರಳಾಗುವಷ್ಟು ಅದು ಬೆಳೆದಾಗ ನೆಟ್ಟವರು ಸಾಯುತ್ತಾರೆ ಎಂಬ ಮಾತೂ ಇದೆ. ಅದಕ್ಕೇ ಮುದುಕರ ಕೈಯಲ್ಲಿ ನೆಡಿಸುತ್ತಾರೆ. ಅತ್ತೆ ಎಷ್ಟು ತಡೆದರೂ ಕೇಳದೆ ಆಕೆ ತಾನೇ ಗುಂಡಿ ತೋಡಿ ನೆಟ್ಟಳು. ಸಾವಿನ ಭಯ ಆಗ ಆಕೆಗೆ ಇರಲೇ ಇಲ್ಲ.

ಆಮೇಲೆ ಪ್ರತಿ ಫೆಬ್ರವರಿಯಲ್ಲೂ ಏಣಿ ಹಾಕಿ, ಆ ಮರದ ಗಂಟುಗಳನ್ನು ಒಂದೊಂದಾಗಿ ಕೈಯಿಂದ ಕಿತ್ತು, ಬಕೆಟ್ಟಿನಲ್ಲಿ ತಂದು ಒಲೆಗೆ ಹಾಕುತ್ತಿದ್ದಳು. ಮರ ದೊಡ್ಡದಾದಂತೆ ಕೆಲಸ ಎರಡು ವಾರಕ್ಕೆ ಬೆಳೆಯಿತು. ಹಾರ್ಲನ್‌ಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಹುಡುಕುವವರು ಎಲ್ಲ ಊರಲ್ಲೂ ಇರುತ್ತಾರೆ. ತಾನು ಅಂಥವಳಲ್ಲ, ತನ್ನ ಮರ ಶುದ್ಧವಾಗಿದೆ ಎಂದು ಆರ್ಡಿತ್ ನಂಬಿದ್ದಳು. ರೋಗ ಹತ್ತದ ಯಾವುದೋ ಜಾತಿ ಇರಬೇಕು ಎಂದು ನಾವೂ ನಂಬಿದ್ದೆವು.

ಹಾರ್ಲನ್ ತೀರಿಕೊಂಡ ಮರುವರ್ಷ, ಜನವರಿಯಲ್ಲಿ, ಆಕೆ ಹಿಮದಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಏಪ್ರಿಲ್‌ವರೆಗೆ ಹಾಸಿಗೆ. ಕೋಲು ಹಿಡಿದು ದಿಬ್ಬ ಹತ್ತುವಷ್ಟು ಚೇತರಿಸಿಕೊಳ್ಳುವ ಹೊತ್ತಿಗೆ ಮೂರು ದಿನ ಮಳೆ ಹಿಡಿಯಿತು. ನಾಲ್ಕನೆಯ ಬೆಳಿಗ್ಗೆ ಮರದ ತುದಿಯಿಂದ ಬುಡದವರೆಗೆ ಕಿತ್ತಳೆ ಬಾಲಗಳು ಜೋತಾಡುತ್ತಿದ್ದವು. ರಸ್ತೆಯಲ್ಲಿ ಹೋಗುವವರಿಗೂ ಕಾಣುತ್ತಿತ್ತು.

ಮೊದಲು ಬಂದವನು ವೆಲ್ಮಾಳ ಮಗ ಡ್ವೈಟ್. ದಿಬ್ಬದ ಕೆಳಗೇ ಅವನು ಐದು ವರ್ಷದ ಹಿಂದೆ ಯಾರ್ಕ್ ಸೇಬು ಹಾಕಿದ್ದ. ತುಕ್ಕಿಗೆ ಬೇಗ ಬಲಿಯಾಗುವ ತಳಿ, ಮೊದಲ ಫಸಲಿನ ವರ್ಷ. ಅವನು ಟೋಪಿ ತೆಗೆದು ಮರವನ್ನು ನೋಡುತ್ತ ನಿಂತ.

"ಇಷ್ಟು ವರ್ಷ ಇದ್ರಲ್ಲಿ ಒಂದು ಗಂಟೂ ಇರ್ಲಿಲ್ವಲ್ಲ, ಮಿಸ್ ಆರ್ಡಿತ್. ಈ ಸಲ ಏನಾಯ್ತು?"

ಸುಳ್ಳು ಹೇಳಬಹುದಿತ್ತು. "ಈ ಸಲ ನನ್ಗೆ ಏಣಿ ಹತ್ತೋಕಾಗ್ಲಿಲ್ಲ" ಎಂದಳು.

ಅವನು ಒಂದು ಗಂಟನ್ನು ಬೆರಳಲ್ಲಿ ತಿರುಚಿ ಕಿತ್ತು ನೋಡಿದ. "ಅಂದ್ರೆ, ಕೈಯಲ್ಲೇ ಕೀಳ್ಬೋದು."

"ಕೀಳ್ಬೋದು. ವರ್ಷಾವರ್ಷ, ಒಂದೂ ಬಿಡ್ದೆ."

"ನಮ್ಮಮ್ಮನ ಮರ ಕಡಿದಾಗ ಇದು ಗೊತ್ತಿತ್ತಾ ನಿಮ್ಗೆ?"

"ಗೊತ್ತಿತ್ತು."

ಡ್ವೈಟ್ ಕೂಗಾಡಲಿಲ್ಲ. ಬೈದಿದ್ದರೆ ಆಕೆಗೆ ಎಷ್ಟೋ ಹಗುರಾಗುತ್ತಿತ್ತು. ಮಗುವಿನ ಮರ ಇರಲಿ, ಮುಂದಿನ ಚಳಿಗಾಲದಿಂದ ತಾನೇ ಹತ್ತಿ ಕೀಳುತ್ತೇನೆ ಎಂದ. ಆರ್ಡಿತ್ ಗರಗಸ ತರಲು ಹೇಳಿದಳು. ಈ ವರ್ಷದ ಪುಡಿ ಆಗಲೇ ಹಾರಿಹೋಗಿದೆ, ಅವಸರವೇನು ಎಂದ ಅವನು.

"ಕಾದ್ರೆ ನಾನು ಕೊಡಲ್ಲ ಕಣೋ. ನನ್ನ ಬುದ್ಧಿ ನನ್ಗೆ ಗೊತ್ತು. ಈಗ್ಲೇ ತಗೊಂಡ್ ಬಾ."

ಮರ ಗೋರಿಯ ಕಲ್ಲಿನ ಮೇಲೆ ಬೀಳದಂತೆ ಅವನು ಹುಷಾರಾಗಿ ಉರುಳಿಸಿದ. ಒಳಗಿನ ಕೆಂಪು ತಿರುಳಿನ ಪರಿಮಳ ಎದ್ದಾಗ ಆರ್ಡಿತ್ ಬಾಯಿ ಬಿಟ್ಟು ಅತ್ತಳು. ಮೂವತ್ತನಾಲ್ಕು ವರ್ಷದ ದುಃಖ ನಿನ್ನೆಯದೆಂಬಂತೆ ಬಂತು. ಅದು ನಿಲ್ಲುವವರೆಗೆ ಡ್ವೈಟ್ ಆ ಕಡೆ ತಿರುಗಿ ನಿಂತಿದ್ದ.

ಆ ಭಾನುವಾರ ಚರ್ಚು ಮುಗಿಸಿಕೊಂಡು ಆಕೆ ಬರಿಗೈಯಲ್ಲಿ ವೆಲ್ಮಾಳ ಮನೆಗೆ ಹೋದಳು. ಎಂಬತ್ತನಾಲ್ಕರ ವೆಲ್ಮಾ ಅಡುಗೆಮನೆಯಲ್ಲಿ ಕೂತು ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದಳು. ಆರ್ಡಿತ್ ಏಣಿಯ ವಿಷಯ, ಬಕೆಟ್ಟಿನ ವಿಷಯ ಎಲ್ಲ ಹೇಳಿದಳು. ಯಾಕೆ ಮುಚ್ಚಿಟ್ಟೆ ಎಂದು ವೆಲ್ಮಾ ಕೇಳಲಿಲ್ಲ, ಆರ್ಡಿತಳೇ ಹೇಳಬೇಕಾಯಿತು. ಚಳಿಯಲ್ಲಿ ಎರಡು ವಾರ ಏಣಿಯ ಮೇಲೆ ನಿಲ್ಲುವಷ್ಟು ಪ್ರೀತಿ ತನಗೆ ಮಾತ್ರ ಇದೆ, ಬೇರೆಯವರು ಒಂದು ವರ್ಷ ಕಿತ್ತು ಮರುವರ್ಷ ಮರೆಯುತ್ತಾರೆ ಎಂದುಕೊಂಡಿದ್ದಳಂತೆ.

ವೆಲ್ಮಾ ಕೈಯಲ್ಲಿದ್ದ ಆಲೂಗಡ್ಡೆಯ ಸಿಪ್ಪೆ ಪೂರ್ತಿ ತೆಗೆದು ನೀರಿಗೆ ಹಾಕಿದಳು.

"ಹೇಳಿದ್ರೆ ನಾನೂ ಏಣಿ ಹತ್ತುತ್ತಿದ್ದೆ ಕಣೇ" ಎಂದಳು. "ಆಗ ಕಾಲು ಗಟ್ಟಿ ಇತ್ತು. ನನ್ನೆರಡು ಮುಗಿಸ್ಕೊಂಡು ಬಂದು, ನಿನ್ನ ಮಗೂದಕ್ಕೂ ಕೈ ಹಾಕ್ತಿದ್ದೆ."