ಕಾಶೆವ್ವನ ವಾರ

ಹುಕ್ಕೇರಿಯಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೆ ಗುರುಲಿಂಗಪ್ಪನ ಖಾನಾವಳಿ ಇತ್ತು. ಹೆಸರು ಅವನದು, ದುಡ್ಡಿನ ಗಲ್ಲೆಯ ಮುಂದೆ ಕೂಡುವವನೂ ಅವನೇ. ಊರಿನವರು ಮಾತ್ರ ಅವನ ಹೆಂಡತಿಯ ಹೆಸರಿನಿಂದ ಕಾಶೆವ್ವನ ಖಾನಾವಳಿ ಎನ್ನುತ್ತಿದ್ದರು. ಬಿಸಿ ರೊಟ್ಟಿ, ಎಣ್ಣೆಗಾಯಿ, ಮೇಲೊಂದು ಬೆಣ್ಣೆಮುದ್ದೆ, ಕೊನೆಗೆ ಕೆನೆಮೊಸರು. ನಾವು ಸಾಲಿ ಮಾಸ್ತರರು ಉಂಡು, ತೇಗಿ, ಅವಳನ್ನು ಹೊಗಳಿ ಎದ್ದುಹೋಗುತ್ತಿದ್ದೆವು. ಹೊಗಳಿಕೆಗೇನು, ಪುಕ್ಕಟೆ.

ಕಾಶೆವ್ವನನ್ನು ಒಲೆಗೆ ಕಟ್ಟಿಹಾಕಿದ್ದು ಅವಳದೇ ಮಾತು. ಸ್ವಾತಂತ್ರ್ಯ ಬಂದ ವರ್ಷ ಖಾನಾವಳಿ ತೆರೆದಾಗ ಸಂತೆಗೆ ಬಂದ, ಊಟದ ಮಡಿಯಲ್ಲಿ ಬಲು ಕಟ್ಟುನಿಟ್ಟಾದ ಶೀಲವಂತ ಪಂಗಡದ ವ್ಯಾಪಾರಿಗಳು ಒಳಗೆ ಬರಲು ಹಿಂದೆಮುಂದೆ ನೋಡಿದರು. ಯಾರು ಬೇಯಿಸುತ್ತಾರೋ, ಮೊಸರಿನ ಗಡಿಗೆಯನ್ನು ಯಾರು ಮುಟ್ಟಿರುತ್ತಾರೋ ಎಂಬ ಅನುಮಾನ. ಆಗಿನ್ನೂ ಹರೆಯದ ಕಾಶೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲಿಗೆ ಬಂದಳು.

"ಈ ಮನ್ಯಾಗ ಒಲಿ ಹಚ್ಚಾಕಿ ನಾನ, ಹೆಪ್ಪ ಹಾಕಾಕಿ ನಾನ. ಬ್ಯಾರೆ ಕೈ ತಾಗಿದ್ರ ಉಣಬ್ಯಾಡ್ರಿ," ಎಂದಳು.

ವ್ಯಾಪಾರಿಗಳು ಕೂತರು. ಕಾಶೆವ್ವ ಅಂದಿನಿಂದ ಒಲೆ ಬಿಟ್ಟು ಏಳಲಿಲ್ಲ. ಬೇರೆ ಜಾತಿಯ ಹೆಂಗಸರಿಗೆ ತಿಂಗಳಿಗೊಮ್ಮೆ ಹೊರಗೆ ಕೂಡುವ ನೆಪವಾದರೂ ಇತ್ತು. ಕೊರಳಲ್ಲಿ ಲಿಂಗವಿದ್ದವಳಿಗೆ ಸೂತಕವಿಲ್ಲ, ಹಾಗಾಗಿ ಆ ದಿನಗಳಲ್ಲೂ ಒಲೆಯೇ. ಬಸವಣ್ಣ ಹೆಂಗಸರಿಗೆ ಕೊಟ್ಟ ಬಿಡುಗಡೆಯನ್ನು ನಾವು ಹೀಗೆ ಬಳಸಿಕೊಂಡೆವು.

ತವರೂರು ಮೂಡಲಗಿಯಲ್ಲಿ ಅವಳ ಅಪ್ಪ ಹಾಸಿಗೆ ಹಿಡಿದಾಗ ಹೋಗಿಬರುತ್ತೇನೆಂದಳು. ಸಂತೆ ಮುಗಿಯಲಿ ಎಂದ ಗುರುಲಿಂಗಪ್ಪ. ಸಂತೆ ಮುಗಿಯುವಷ್ಟರಲ್ಲಿ ಅಪ್ಪನೂ ಮುಗಿದಿದ್ದ. ಅವನನ್ನು ಮಣ್ಣು ಮಾಡುವ ಹೊತ್ತಿಗೂ ಅವಳು ಹೋಗಿ ಮುಟ್ಟಲಿಲ್ಲ. ಈಗ ಅವ್ವ ಊಟ ಬಿಟ್ಟಿದ್ದಾಳೆಂದು ಬಸ್ಸಿನವರು ಸುದ್ದಿ ತಂದಿದ್ದರು. ಗುರುಲಿಂಗಪ್ಪ ಕೆಟ್ಟವನಲ್ಲ, ಅಂಜುಬುರುಕ. ಒಂದು ದಿನ ಬಾಗಿಲು ಹಾಕಿದರೂ, ಬೇರೆಯವರ ಕೈಯಿಂದ ಬೇಯಿಸಿದರೂ ಗಿರಾಕಿಗಳು ತಪ್ಪಿಹೋಗುತ್ತಾರೆಂದು ಅವನಿಗೆ ಜೀವ ಹೊಡೆದುಕೊಳ್ಳುತ್ತಿತ್ತು.

ಆಗ ಕಾಲುವೆ ಕೆಲಸಕ್ಕೆ ಅಲಿಬಾಗ ಕಡೆಯಿಂದ ಪೆಣಕರ ಎಂಬ ಓವರ್‌ಸಿಯರ್ ಬಂದಿದ್ದರು. ಯಹೂದಿ ಮತದವರು. ಹಾಲಿನ ಪಾತ್ರೆಗೆ ಮಾಂಸ ಸೋಕಬಾರದು, ಮಾಂಸವಾದರೆ ತಮ್ಮವರೇ ಕೊಯ್ದಿರಬೇಕು ಎಂಬುದು ಅವರ ಕಟ್ಟಳೆ. ಮಾಂಸದ ಸುಳಿವೇ ಇಲ್ಲದ ಕಾಶೆವ್ವನ ಖಾನಾವಳಿ ಅವರಿಗೆ ಹೇಳಿ ಮಾಡಿಸಿದಂತಿತ್ತು. ಮೊಸರಿನ ಗಡಿಗೆಯ ಬಗ್ಗೆ ಅವರ ವಿಚಾರಣೆ ಕೇಳಿ, ಈತ ನಮ್ಮ ಶೀಲವಂತರಿಗೂ ಅಪ್ಪ ಎಂದು ನಾವು ನಕ್ಕಿದ್ದೆವು. ಶನಿವಾರ ಮಾತ್ರ ಅವರು ಬಿಸಿ ರೊಟ್ಟಿ ಬೇಡ ಎನ್ನುತ್ತಿದ್ದರು. ಅಂದು ಅವರು ಕೆಲಸ ಮಾಡುವಂತಿಲ್ಲ, ಅವರಿಗಾಗಿ ಒಲೆಯೂ ಉರಿಯುವಂತಿಲ್ಲ. ಶುಕ್ರವಾರ ಮಾಡಿಟ್ಟ ಗರಿಗರಿ ಕಟಕ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ಮೊಸರು ಸಾಕು.

ಒಂದು ಸೋಮವಾರ ಪಕ್ಕದ ಹಳ್ಳಿಯ ರೈತರು ಪಂಕ್ತಿಯಲ್ಲಿ ಕೂತಿದ್ದರು. ಸೋಮವಾರ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಎತ್ತಿನ ವಾರ. ಇದನ್ನು ಕೇಳಿ ಪೆಣಕರರಿಗೆ ಬಹಳ ಖುಷಿಯಾಯಿತು. ಮೊಸರು ನೀಡಲು ಬಂದ ಕಾಶೆವ್ವನನ್ನು ತಮ್ಮ ಮರಾಠಿ ಧಾಟಿಯ ಕನ್ನಡದಲ್ಲಿ ಕೇಳಿದರು.

"ಕಾಶಾಬಾಯಿ, ಎತ್ತಿಗೆ ಸೋಮವಾರ ಐತಿ. ನನಗ ಶನಿವಾರ ಐತಿ. ನಿಮಗ ಯಾವ ವಾರ ಐತ್ರಿ?"

ಕಾಶೆವ್ವ ಉಳಿದವರಿಗೆ ಮೊಸರು ನೀಡುವುದನ್ನು ಮರೆತು ಒಳಗೆ ಹೋದಳು.

ಮುಂದಿನದನ್ನು ಗುರುಲಿಂಗಪ್ಪನೇ ನಮಗೆ ಹೇಳಿದ್ದು. ಮರು ರವಿವಾರ ಅವಳು ಸಂಜೆವರೆಗೂ ರೊಟ್ಟಿ ಬಡಿದು ಒಟ್ಟಿದಳು, ಹಿಂಡಿ ಕುಟ್ಟಿದಳು, ಹಾಲಿಗೆ ಹೆಪ್ಪು ಹಾಕಿದಳು. ಆಮೇಲೆ ಒಲೆಗೆ ನೀರು ಸುರಿದಳು. ಬೆಳಗ್ಗೆ ಮೂಡಲಗಿಗೆ ಹೊರಟಿದ್ದೇನೆ ಎಂದಳು. ಎಲ್ಲರ ಮುಂದೆ ಕೊಟ್ಟ ಮಾತು ಏನಾಯಿತು ಎಂದು ಅವನು ಕೇಳಿದ.

"ಒಲಿ ಹಚ್ಚಾಕಿ ನಾನ ಅಂದಿದ್ನಿ. ದಿನಾ ಹಚ್ಚತೇನಿ ಅಂದಿದ್ದಿಲ್ಲ," ಎಂದಳು ಕಾಶೆವ್ವ.

ಮೂಡಲಗಿಯಲ್ಲಿ ಅವ್ವ ಗುರುತು ಹಿಡಿದಳು. ಮಗಳ ಕೈಯಿಂದ ನಾಲ್ಕು ತುತ್ತು ಮೊಸರನ್ನ ಉಂಡಳು. ಅಪ್ಪ ಕೊನೆವರೆಗೂ ಬಾಗಿಲು ನೋಡುತ್ತಿದ್ದ ಸಂಗತಿಯನ್ನೂ ಹೇಳಿದಳು. ಕಾಶೆವ್ವ ಬಸ್ಸಿನಲ್ಲಿ ಅದನ್ನೇ ಹೊತ್ತುಕೊಂಡು ದೀಪ ಹಚ್ಚುವ ಹೊತ್ತಿಗೆ ಮರಳಿದಳು.

ಗುರುಲಿಂಗಪ್ಪ ಖುಷಿಯಲ್ಲಿದ್ದ. ಅವಳಿಗೆ ಸಮಾಧಾನವಾಗಲಿ ಎಂದೇ ಹೇಳಿದ.

"ಏನೂ ತ್ರಾಸ ಆಗಲಿಲ್ಲ. ಎಲ್ಲಾರೂ ಹೊಟ್ಟಿ ತುಂಬ ಉಂಡ್ರು. ನೀ ಎಲ್ಲಿ ಅಂತ ಒಬ್ಬರೂ ಕೇಳಲಿಲ್ಲ."

ಕಾಶೆವ್ವ ಗಂಟು ಕೆಳಗಿಟ್ಟು ತಣ್ಣಗಿನ ಒಲೆಯ ಮುಂದೆ ಕೂತಳು.

"ಹಂಗಾರ ಅಪ್ಪ ಇದ್ದಾಗೂ ಹೋಗಬಹುದಿತ್ತು," ಎಂದಳು.

ಮರುದಿನ ನಾವು ಹೋದಾಗ ರೊಟ್ಟಿ ಬಿಸಿಯಾಗಿತ್ತು.