ಗಂಡಸು ತುಂಬಿದ ಉಡಿ

ದ್ರಾಕ್ಷಾಯಣಿಗೆ ಮೂವತ್ತೆರಡು ತುಂಬಿದ್ದರೂ ದಾಂಡೇಲಿಯ ಆ ಓಣಿಗೆ ಆಕೆ ಇನ್ನೂ ‘ಪಾಪದ ಹುಡುಗಿ’ಯೇ. ಬುದ್ಧಿ ಬೆಳೆಯುವುದು ತಡವಾಯಿತೆಂದು ಶಾಲೆ ಮೂರನೆಯ ಇಯತ್ತೆಗೇ ನಿಂತಿತ್ತು. ಅಪ್ಪ ಲಗಮಪ್ಪ ಧಾರವಾಡದ ಕಡೆಯಿಂದ ಬಂದು ಕಾಗದದ ಮಿಲ್ಲಿನಲ್ಲಿ ದುಡಿದು ನಿವೃತ್ತನಾದವನು. ಅವ್ವ ಶಾಂತಾದೇವಿ ಮಗಳ ತಲೆ ಬಾಚುವುದನ್ನು ಇಂದಿಗೂ ಬಿಟ್ಟಿರಲಿಲ್ಲ. ಬಾಚಿಕೊಳ್ಳಲು ಆಕೆಗೆ ಬರುತ್ತಿತ್ತು. ಯಾರೂ ಕೇಳಿರಲಿಲ್ಲ, ಅಷ್ಟೇ. ಗ್ಯಾಸಿನ ಹತ್ತಿರವಂತೂ ಸುಳಿಯಗೊಡುತ್ತಿರಲಿಲ್ಲ.

ಆಕೆಯದೆಂದು ಇದ್ದವನು ವೀರೇಶನೊಬ್ಬ. ಇಂಥವರಿಗಾಗಿ ಊರಲ್ಲಿದ್ದ ತರಬೇತಿ ಕೇಂದ್ರದಲ್ಲಿ ಇಬ್ಬರೂ ಎದುರುಬದುರು ಕೂತು ಕಾಗದದ ಚೀಲ ಅಂಟಿಸುತ್ತಿದ್ದರು. ಅವನು ಮಾತಿನಲ್ಲಿ ತೊದಲುವವನು, ತಿಳಿವಿನಲ್ಲಿ ನಿಧಾನ. ಆಕೆಯ ಕೈಗೆ ಅಂಟು ಹತ್ತಿದರೆ ಒದ್ದೆ ಅರಿವೆಯಿಂದ ತಾನೇ ಒರೆಸುತ್ತಿದ್ದ. ಪ್ರೀತಿಗೆ ಇದಕ್ಕಿಂತ ಹೆಚ್ಚಿನ ಬುದ್ಧಿ ಬೇಕೆನ್ನುವವರು ತಮ್ಮ ತಮ್ಮ ಸಂಸಾರವನ್ನೊಮ್ಮೆ ನೋಡಿಕೊಳ್ಳಲಿ. ಒಂದು ಖೋಲಿ, ತಾನೇ ಹಚ್ಚುವ ಗ್ಯಾಸು, ಇಬ್ಬರಿಗೆ ಚಹಾ: ದ್ರಾಕ್ಷಾಯಣಿಯ ಕನಸು ಅಷ್ಟರಲ್ಲೇ ಮುಗಿಯುತ್ತಿತ್ತು.

ವೀರೇಶನನ್ನು ಮದುವೆಯಾಗುತ್ತೇನೆಂದು ಮನೆಯಲ್ಲಿ ಹೇಳಿದಾಗ ಲಗಮಪ್ಪ ನಕ್ಕ. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬ ಗಾದೆಯನ್ನು ಮಗಳ ಎದುರಿಗೇ ಹೇಳಿದ. ಶಾಂತಾದೇವಿ ನಗಲಿಲ್ಲ. ಮಗಳ ಬಾಯಿ ಮುಚ್ಚಿಸಲು ಒಂದು ಮಾತು ಎಸೆದಳು.

“ಅವರ ಮನಿಯಿಂದ ಬಂದು ನಿನ್ನ ಉಡಿ ತುಂಬಲಿ, ಆಮ್ಯಾಲ ನೋಡೂಣು.”

ಹೆಣ್ಣು ಗಟ್ಟಿಯಾದ ಮೇಲೆ ಗಂಡಿನ ಮನೆಯ ಮುತ್ತೈದೆಯರು ಬಂದು ಹುಡುಗಿಯ ಸೆರಗಿಗೆ ಅಕ್ಕಿ, ಕಾಯಿ, ಕುಬಸದ ಕಣ ಹಾಕುವುದು ಅವರ ಪದ್ಧತಿ. ವೀರೇಶನ ಮನೆಯಲ್ಲಿದ್ದ ಹೆಂಗಸು ಅವನ ತಾಯಿ ಯಲ್ಲವ್ವ ಒಬ್ಬಳೇ, ಅವಳೂ ಗಂಡ ಸತ್ತವಳು. ಉಡಿ ತುಂಬುವಂತಿಲ್ಲ. ಅದು ಗೊತ್ತಿದ್ದೇ ಶಾಂತಾದೇವಿ ಹೇಳಿದ್ದು. ಜನ ಬಾಯಿಮಾತಿಗೆ ಹೇಳಿದ್ದನ್ನೂ ದ್ರಾಕ್ಷಾಯಣಿ ನಂಬುತ್ತಿದ್ದಳು. ಮರುದಿನವೇ ಸಂತೋಷದಿಂದ ವೀರೇಶನಿಗೆ ತಿಳಿಸಿದಳು.

ಶುಕ್ರವಾರ ಸಂಜೆ ವೀರೇಶ ತಾನೇ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲೊಂದು ಚೀಲ. ದ್ರಾಕ್ಷಾಯಣಿ ಅವ್ವನ ಸೀರೆ ಉಟ್ಟು ಕಾದಿದ್ದಳು. ಯಾರಾದರೂ ತಡೆಯುವ ಮೊದಲೇ ಅವನು ಆಕೆಯ ಹಣೆಗೆ ಕುಂಕುಮ ಹಚ್ಚಿದ. ಸೆರಗಿಗೆ ಅಕ್ಕಿ ಹಾಕಿ, ಕಾಯಿ, ಅಡಕೆ, ಅರಿಷಿಣದ ಬೇರು ಇಟ್ಟು, ಹಸಿರು ಕಣವನ್ನು ಮಡಚಿ ಮೇಲಿಟ್ಟ. ಹೆಂಗಸರು ಮಾಡುವುದನ್ನು ಹುಟ್ಟಿದಾಗಿನಿಂದ ನೋಡಿದ್ದ. ಗಂಡಸು ಮಾಡಬಾರದೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಓಣಿ ನೆರೆಯಿತು. ಮೊದಲು ನಗೆ, ಆಮೇಲೆ ಛೀ ಥೂ. ಯಾರೋ ಹೋಗಿ ಯಲ್ಲವ್ವನನ್ನು ಕರೆತಂದರು.

ಯಲ್ಲವ್ವ ಬೈಯಲಿಲ್ಲ. ಮಗನ ರಟ್ಟೆ ಹಿಡಿದು ಅಳುತ್ತ ನಿಂತಳು. ದ್ರಾಕ್ಷಾಯಣಿ ತುಂಬಿದ ಸೆರಗನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಬಗ್ಗಿ ಅವಳ ಕಾಲು ಮುಟ್ಟಿದಳು.

“ನಾ ಇರೂತನಕ ಇವಗ ನಾ ಅದೀನಿ, ಯವ್ವಾ,” ಎಂದಳು ಯಲ್ಲವ್ವ. “ನಾ ಸತ್ತಮ್ಯಾಲ ನಿಮ್ಮಿಬ್ಬರಿಗೆ ಯಾರು ಇರ್ತಾರ?”

“ನಾವು ಇಬ್ಬರು ಇರ್ತೇವಲ್ರಿ, ಅತ್ತಿ.”

ನಗುತ್ತಿದ್ದವರು ತಲೆ ತಗ್ಗಿಸಿದರು. ಲಗಮಪ್ಪ ಕೂಡ ನೆಲ ನೋಡುತ್ತಿದ್ದ. ಒಂದು ಗಳಿಗೆ, ಮದುವೆ ಆಗಿಯೇಬಿಡುತ್ತದೇನೋ ಅನಿಸಿತು. ಆಮೇಲೆ ಓಣಿಯ ಹಿರಿಯರು ಗಂಟಲು ಸರಿಮಾಡಿಕೊಂಡರು. ಇನ್ನು ಇಬ್ಬರನ್ನೂ ಕೇಂದ್ರಕ್ಕೆ ಕಳಿಸಬಾರದೆಂದು ಅಲ್ಲೇ ಮಾತಾಯಿತು. ಯಲ್ಲವ್ವ ಮಗನನ್ನು ಎಳೆದುಕೊಂಡು ಹೋದಳು. ಓಣಿಯ ತಿರುವಿನವರೆಗೂ ಅವನು ಹಿಂದೆ ನೋಡುತ್ತಲೇ ನಡೆದ.

ಶಾಂತಾದೇವಿ ಬಾಗಿಲು ಹಾಕಿ, ಮೊರ ತಂದು ಮಗಳ ಮುಂದೆ ಹಿಡಿದು, ಸೆರಗು ಬಿಚ್ಚು ಎಂದಳು. ಮಗಳ ಮುಖ ನೋಡುವ ಧೈರ್ಯ ಅವಳಿಗಿರಲಿಲ್ಲ. ದ್ರಾಕ್ಷಾಯಣಿ ಕೂಗಾಡಿದ್ದರೆ, ಹಟ ಹಿಡಿದಿದ್ದರೆ, ಆ ತಾಯಿಗೂ ನಾಲ್ಕು ಬೈದು ಹಗುರಾಗಲು ದಾರಿಯಿತ್ತು. ಆದರೆ ಹೇಳಿದ್ದನ್ನು ಮಾಡುವುದೊಂದನ್ನೇ ಎಲ್ಲರೂ ಸೇರಿ ಆಕೆಗೆ ಕಲಿಸಿದ್ದರು. ಆಕೆ ಮೊರದ ಮೇಲೆ ಬಗ್ಗಿ, ಒಂದು ಕಾಳೂ ಚೆಲ್ಲದಂತೆ, ಮೆಲ್ಲಗೆ ಉಡಿ ಬಿಚ್ಚಿದಳು.