ಉದ್ದ ತೋಳಿನ ರವಿಕೆಗಳು

ಮುಳ್ಳನ್‌ಕೊಲ್ಲಿಯಲ್ಲಿ ನಮ್ಮ ಬೇಲಿಯ ಆಚೆಗೇ ಚಾಮುಂಡಮ್ಮನ ಕರಿಮೆಣಸಿನ ತೋಟ. ಹೆಂಗಸು ಒಳ್ಳೆಯವಳೇ, ಕಷ್ಟ ಅಂದವರ ಮನೆಗೆ ಕರೆಯದೆ ಹೋಗುವವಳು. ಮಕ್ಕಳ ವಿಷಯದಲ್ಲಿ ಮಾತ್ರ ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ. ಇದನ್ನು ನಾನು ಅವಳ ಮುಖಕ್ಕೇ ಹೇಳಿದ್ದೇನೆ. ಈಗ ಅವಳೂ ಹೇಳಿಕೊಳ್ಳುತ್ತಾಳೆ.

ಮಗ ಸಿದ್ದೇಶನ ಮೊಣಕೈಯಲ್ಲಿ, ಬೆನ್ನಲ್ಲಿ ಕೆಂಪು ಕಲೆಗಳೆದ್ದು ಬೆಳ್ಳಗೆ ಹೊಟ್ಟು ಉದುರತೊಡಗಿದಾಗ, ಮರುದಿನವೇ ಅವನನ್ನು ಮೀನಂಗಡಿಯ ಚರ್ಮದ ಡಾಕ್ಟರ್ ಶ್ರೀಜ ಅವರ ಹತ್ತಿರ ಕರೆದೊಯ್ದಳು. ಇದು ಸೋರಿಯಾಸಿಸ್, ಅಂಟುವುದಿಲ್ಲ, ಹಾಗಂತ ಸುಮ್ಮನೆ ಬಿಡಬಾರದು ಎಂದರು ಡಾಕ್ಟರ್. ಅವನು ಮುಲಾಮು ಹಚ್ಚಿಕೊಂಡು, ಬರಿಮೈಯಲ್ಲೇ ಏಣಿ ಹತ್ತಿ ಮೆಣಸು ಕೊಯ್ದ. ಬಾವಲಿ ಊರಿನಿಂದ ಹೆಣ್ಣು ಕೊಟ್ಟವರು ಕಲೆ ನೋಡಿಯೂ, ಗಂಡಸಿನ ಮೈಗೆ ಇದೇನು ಮಹಾ ಅಂದುಬಿಟ್ಟರು.

ಆಮೇಲೆ ಅದೇ ಕಲೆ ತಂಗಿ ಅರ್ಚನಾಳ ತೋಳಿಗೂ ತಲೆಗೂ ಬಂತು. ಈ ಸಲ ತಾಯಿಗೆ ಡಾಕ್ಟರ್ ನೆನಪಾಗಲಿಲ್ಲ, ಮುಂದೆ ಬರಬೇಕಾದ ಗಂಡಿನ ಕಡೆಯವರು ನೆನಪಾದರು. ಆಸ್ಪತ್ರೆಯ ಬೆಂಚಿನ ಮೇಲೆ ಯಾರಾದರೂ ಕಂಡರೆ ಹುಡುಗಿಯನ್ನು ಯಾರು ಕೇಳುತ್ತಾರೆ ಎಂಬ ಹೆದರಿಕೆ. ಯಾರೋ ಸರ್ಪದೋಷ ಅಂದರೆಂದು, ತನ್ನ ಬಳ್ಳಿಯ ಮೆಣಸಿಗೆ ಉಪ್ಪು ಬೆರೆಸಿ ನಾಗರಕಲ್ಲಿಗೆ ಹರಕೆ ಒಪ್ಪಿಸಿದಳು. ಮೊಣಕೈ ದಾಟುವ ತೋಳಿನ ರವಿಕೆಗಳನ್ನು ಹೊಲಿಸಿದಳು. ಮೆಣಸು ಒಣಹಾಕಲೂ ಮಗಳನ್ನು ಅಂಗಳಕ್ಕೆ ಬಿಡಲಿಲ್ಲ. ಮಗನಿಗೆ ಮುಲಾಮು, ಮಗಳಿಗೆ ಹರಕೆಯೇನೇ ಎಂದು ನಾನು ಕೇಳಿದ್ದಕ್ಕೆ ನನ್ನ ಜೊತೆ ಮಾತೇ ಬಿಟ್ಟಳು.

ಬೆಳಿಗ್ಗೆ ಎದ್ದರೆ ಬೆರಳು ಮಡಚಲಾಗುವುದಿಲ್ಲ ಎಂದು ಹುಡುಗಿ ಅಳುತ್ತಿತ್ತು. ಕೆಲಸಗಳ್ಳಿ ಎಂದು ಬೈದುಕೊಂಡೇ ತಾಯಿ ರವಿಕೆಯ ಗುಂಡಿ ಹಾಕುತ್ತಿದ್ದಳು. ತಂಗಿ ಎರಡು ಮಣಿಕಟ್ಟುಗಳ ನಡುವೆ ಕಾಪಿಯ ಲೋಟ ಹಿಡಿದು ಕುಡಿಯುವುದನ್ನು ಕಂಡ ಸಿದ್ದೇಶ ಯಾರನ್ನೂ ಕೇಳಲಿಲ್ಲ, ಅವಳನ್ನು ಜೀಪು ಹತ್ತಿಸಿ ಅದೇ ಡಾಕ್ಟರ ಹತ್ತಿರ ಕರೆದೊಯ್ದ. ತಾಯಿಯೂ ಜೊತೆಗೆ ಹೋದಳು.

ಕಾಯಿಲೆ ಚರ್ಮದಿಂದ ಬೆರಳಿನ ಕೀಲುಗಳಿಗೆ ಇಳಿದಿತ್ತು. ಅದೇ ಕಾಯಿಲೆ ಮಗನ ಬೆರಳು ಕಚ್ಚಲಿಲ್ಲವಲ್ಲ ಎಂದು ಚಾಮುಂಡಮ್ಮ ಕೇಳಿದಳಂತೆ. ಗಂಡಸರಿಗೂ ಹೀಗಾಗುತ್ತದೆ, ನೋವು ಶುರುವಾದಾಗಲೇ ಕರೆತಂದಿದ್ದರೆ ಇಷ್ಟು ಕೆಡುತ್ತಿರಲಿಲ್ಲ ಎಂದರು ಡಾಕ್ಟರ್. ಔಷಧಿಯಿಂದ ನೋವು ಇಳಿಯುತ್ತದೆ, ಬೆರಳು ಇನ್ನಷ್ಟು ಸೊಟ್ಟಗಾಗುವುದನ್ನು ತಡೆಯಬಹುದು, ಆದರೆ ಆಗಲೇ ಸೊಟ್ಟಗಾದದ್ದು ನೆಟ್ಟಗಾಗುವುದಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನನ್ನ ಕೈಯಾರೆ ಮಗಳ ಕೈ ಹಾಳು ಮಾಡಿದೆ ಎಂದು ಅವಳು ಸಿಕ್ಕವರ ಮುಂದೆಲ್ಲ ಹೇಳುತ್ತಾಳೆ. ಬೈಯಲು ಹೋದ ನನಗೇ ಅಳು ಬರುತ್ತದೆ.

ಮೊನ್ನೆ ಆ ರವಿಕೆಗಳನ್ನೆಲ್ಲ ಜಗಲಿಗೆ ತಂದು, ತೋಳು ಕತ್ತರಿಸಲು ಕುಳಿತಳು. ನಾನೂ ಅಲ್ಲೇ ಇದ್ದೆ. ಅರ್ಚನಾ ಬಂದು ಪಕ್ಕದಲ್ಲಿ ಕೂತಳು.

"ಹೊಲಿಸಿದ್ದು ನೀನು ಕಣವ್ವ. ಕತ್ರಿಸೋದು ನಂಗೆ ಬುಡು."

ಚಾಮುಂಡಮ್ಮ ಕತ್ತರಿ ಕೊಟ್ಟಳು. ಊದಿದ ಹೆಬ್ಬೆರಳು ಕತ್ತರಿಯ ಹಿಡಿಯೊಳಗೆ ತೂರಲಿಲ್ಲ. ಹುಡುಗಿ ತಿರುಗಿಸಿ ನೋಡಿದಳು, ಎಡಗೈಗೆ ಹಾಕಿ ನೋಡಿದಳು. ಕೊನೆಗೆ ಅದನ್ನು ತಾಯಿಯ ಮಡಿಲಲ್ಲಿಟ್ಟು, ರವಿಕೆಯ ತೋಳನ್ನು ಎರಡೂ ಮಣಿಕಟ್ಟುಗಳ ನಡುವೆ ಬಿಗಿಯಾಗಿ ಹಿಡಿದುಕೊಂಡಳು.

"ನೀನೇ ಕತ್ರಿಸವ್ವ. ನಾನು ಹಿಡ್ಕತೀನಿ."

ಚಾಮುಂಡಮ್ಮ ಮಗಳ ಮುಖ ನೋಡದೆ ಕತ್ತರಿಸತೊಡಗಿದಳು.